ಸಿಗಬಾರದೆಂದೇ ಕೇಳಿದ ಬೇಡಿಕೆ

ಹಿರೇಕಟ್ಟೆ,
ಫೆಬ್ರವರಿ ೩೦, ೨೧೯೧

ಹಿರೇಕಟ್ಟೆ ವರ್ತಕರ ಸಂಘದ ಅಧ್ಯಕ್ಷರೂ ನಮ್ಮ ಮನೆತನದ ಹಿರಿಯರೂ ಆದ ಮುರಿಗೆಪ್ಪ ಜವಳಿ ಅಜ್ಜನವರಿಗೆ, ನಿಮ್ಮ ಏಳನೇ ತಲೆಯ ನೀಲಾಂಬಿಕೆ ಮಾಡುವ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಬಡ್ಡಿ ಲೆಕ್ಕಕ್ಕೆ ಸಲೀಸು ಎಂದು ವರ್ತಕರೇ ಕೇಳಿ ಮಾಡಿಸಿಕೊಂಡದ್ದು. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದಲ್ಲಿ ಅವು ಇನ್ನೂ ಹುಟ್ಟಿಲ್ಲ.

ನಾಳೆ ನೀವು ಬೆಂಗಳೂರಿಗೆ ಹೊರಡುತ್ತೀರಿ. ಬಜೆಟ್ಟಿಗೆ ಮುಂಚೆ ಸರ್ಕಾರ ಕರೆದ ಸಭೆಯಲ್ಲಿ ಸಂಘದ ಮನವಿ ಕೊಡಬೇಕು. ಹಗಲಿಡೀ ಕರೆಂಟು, ಮೆಣಸಿನಕಾಯಿಗೆ ಶೀತಲಗೃಹ, ಮಾರುಕಟ್ಟೆ ಸೆಸ್ ಇಳಿಕೆ, ಇವು ನಿಮಗೆ ನಿಜವಾಗಿ ಬೇಕಾದವು. ಜೊತೆಗೆ, ಮಂಗಳವಾರದ ಸಂತೆಯನ್ನು ಪೇಟೆಯಿಂದ ಎತ್ತಿ ಊರ ಹೊರಗೆ ಹಾಕಬೇಕೆಂದೂ ಬರೆದಿದ್ದೀರಿ. ಅದು ಸಿಗಲೆಂದು ಬರೆದದ್ದಲ್ಲ. ಸೀರೆಗೆ ನೂರು ಹೆಚ್ಚು ಹೇಳಿ, ಗಿರಾಕಿ ಜಗ್ಗಿದಾಗ ಬಿಟ್ಟುಕೊಡುವ ಕೈ ನಿಮ್ಮದು. ಸರ್ಕಾರಕ್ಕೂ ಆಗುವುದಿಲ್ಲ ಎನ್ನಲು ಏನಾದರೊಂದು ಬೇಕಲ್ಲ! ಇಂಥದಕ್ಕೆ ನಾವೀಗ ಬಿಡುಬೇಡಿಕೆ ಎನ್ನುತ್ತೇವೆ, ಬಿಡುವುದಕ್ಕೆಂದೇ ಇಟ್ಟ ಬೇಡಿಕೆ.

ಆದರೆ ಅಜ್ಜಾ, ಆ ವರ್ಷ ಬೊಕ್ಕಸ ಖಾಲಿ. ಮಿಕ್ಕವಕ್ಕೆಲ್ಲ ದುಡ್ಡು ಬೇಕಿತ್ತು, ಪರಿಶೀಲಿಸಲಾಗುವುದು ಎಂದರು. ಸಂತೆ ಎತ್ತಲು ಬಿಡಿಗಾಸೂ ಬೇಕಿರಲಿಲ್ಲ. ವರ್ತಕರ ಮಾತಿಗೆ ಮನ್ನಣೆ ಕೊಟ್ಟೆವೆಂದು ಅದೊಂದನ್ನೇ ಕೊಟ್ಟರು.

ಊರಾಚೆ ಹೋದ ಸಂತೆ ಬಹಳ ದಿನ ಬಾಳಲಿಲ್ಲ. ಸಂತೆಗೆ ಬಂದವರೇ ಪೇಟೆಯ ಗಿರಾಕಿಗಳೆಂಬುದು ಅಂಗಡಿಗಳು ಕದ ಹಾಕಿಕೊಂಡ ಮೇಲೆ ಹೊಳೆಯಿತು. ಸಂತೆಯ ಬಯಲಿನಲ್ಲಿ ನಿಮ್ಮ ಮಕ್ಕಳೇ ಉಗ್ರಾಣ ಕಟ್ಟಿಸಿದರು. ಈಗ ಸೊಪ್ಪು ಅಲ್ಲಿಂದಲೇ ಮನೆಬಾಗಿಲ ಗೂಡಿಗೆ ಬಂದು ಬೀಳುತ್ತದೆ; ಬೇರಿಗೆ ಮಣ್ಣಿರುವುದಿಲ್ಲ. ಗೂಡಿನ ಮೇಲೆ ದರಗಣ್ಣು ಇರುತ್ತದೆ, ಅಂದರೆ ನಮ್ಮ ಮುಖ ನೋಡಿ ಬೆಲೆ ಕಟ್ಟುವ ಗಾಜಿನ ಗುಂಡು. ಹಸಿದವರಿಗೆ ಅದು ಹೆಚ್ಚು ಹೇಳುತ್ತದೆ. ಅದರ ಜೊತೆ ಚೌಕಾಸಿ ನಡೆಯದು. ಚೌಕಾಸಿ ಎಂದರೇನೆಂದು ಮಗಳಿಗೆ ಮಾಡಿ ತೋರಿಸಿದೆ. ನಾನು ಜಗಳಕ್ಕೆ ಬಂದೆನೆಂದು ಅತ್ತಳು. ಆ ಉಗ್ರಾಣಗಳ ಬಾಡಿಗೆ ಇವತ್ತಿಗೂ ನಮ್ಮ ಮನೆಗೇ ಬರುತ್ತದೆ. ಅದನ್ನು ಹೊಟ್ಟೆ ತುಂಬ ಉಂಡೇ ಇದನ್ನು ಬರೆಯುತ್ತಿದ್ದೇನೆ. ನಾಚಿಕೆಯಾಗುತ್ತದೆ.

ಮುಪ್ಪಿನಲ್ಲಿ ನೀವು ಮಕ್ಕಳಿಗೆ ಹೇಳಿ, ಅವರು ತಮ್ಮ ಮಕ್ಕಳಿಗೆ ಹೇಳಿ, ನನ್ನ ತನಕ ಬಂದ ಸಂಗತಿ ಒಂದಿದೆ. ನಿಮಗದು ಇನ್ನೂ ಆಗಿಲ್ಲ. ಆದೇಶ ಬಂದ ವಾರ, ನಿಮ್ಮ ಅಂಗಡಿಯ ಮುಂದೆ ಕೂತು ಸೊಪ್ಪು ಮಾರುವ ದ್ಯಾಮವ್ವ ಒಳಗೆ ಬರುತ್ತಾಳೆ. ಸಂತೆ ಎತ್ತಿಸಿದವರು ಯಾರೆಂದು ಅವಳಿಗೆ ಗೊತ್ತಿಲ್ಲ. “ಸಾವಕಾರ್ರ, ನಮ್ಮನ್ನ ಇಲ್ಲಿಂದ ಎಬ್ಬಸ್ತಾರಂತ್ರಿ. ನೀವು ದೊಡ್ಡವ್ರು, ಬ್ಯಾಡಂತ ಸರಕಾರಕ್ಕ ಒಂದ್ ಮಾತ ಬರದ ಹಾಕ್ರಿ” ಎನ್ನುತ್ತಾಳೆ. ಬರೆಯುತ್ತೇನೆಂದು ಒಪ್ಪಿಕೊಳ್ಳುತ್ತೀರಿ. ಬರೆಯುವುದಿಲ್ಲ; ಯಾವ ಮುಖ ಇಟ್ಟುಕೊಂಡು ಬರೆದೀರಿ? ಉಪಕಾರಕ್ಕೆಂದು ಅವಳು ಒಂದು ಸಿವುಡು ಮೆಂತ್ಯ ಕೊಡುತ್ತಾಳೆ, ದುಡ್ಡು ಬೇಡವೆನ್ನುತ್ತಾಳೆ. ನೀವು ಅದನ್ನು ಮನೆಗೆ ಒಯ್ದು ಪಲ್ಯ ಮಾಡಿಸಿ ಉಣ್ಣುತ್ತೀರಿ.

ಕಾಲಿಗೆ ಬಿದ್ದು ಕೇಳುತ್ತೇನೆ, ಮನವಿಯಲ್ಲಿರುವ ಸಂತೆಯ ಸಾಲನ್ನು ಇವತ್ತೇ ಹೊಡೆದುಹಾಕಿ. ಆಗ ಈ ಬಾಡಿಗೆ ನಮಗಿರುವುದಿಲ್ಲ, ಹೋದರೆ ಹೋಗಲಿ. ಹೊಡೆದುಹಾಕಲು ಮನಸ್ಸು ಬಾರದಿದ್ದರೆ, ಅವಳ ಕೈಯಿಂದ ಆ ಮೆಂತ್ಯವನ್ನಾದರೂ ತೆಗೆದುಕೊಳ್ಳಬೇಡಿ.