ಹುಳು ಏಳುವ ಮೊದಲೇ ಹಾಕಿದ ಸೊಪ್ಪು

ಬಸವನಪಾಳ್ಯ, ಬಿಡದಿ ಹೋಬಳಿ
12-7-2007

ಸೊಸೆ ಲತಾಮಣಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಮಾಗಡಿಯಲ್ಲಿ ಮಳೆ ಜೋರಂತೆ, ನಿನ್ನ ಕೆಮ್ಮು ನಿಂತಿತೇ? ನಿಮ್ಮ ತಂದೆ ಚೆಲುವಯ್ಯನವರ ಮಂಡಿನೋವು ಹೇಗಿದೆ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಮ್ಮ ಹಿಪ್ಪುನೇರಳೆ ತೋಟದ ಪಕ್ಕಕ್ಕೇ ಇನ್ನೊಂದು ಕಾರ್ಖಾನೆಯ ಕಾಂಪೌಂಡು ಎದ್ದಿದೆ, ಲಾರಿಗಳ ಧೂಳು ಒರೆಸದೆ ಸೊಪ್ಪು ಹಾಕುವಂತಿಲ್ಲ. ನಿನ್ನ ಗಂಡ ದೇವರಾಜು ಡ್ಯೂಟಿ ಮುಗಿಸಿ ಬಂದು ನಾನು ಬಡಿಸಿದ್ದನ್ನು ಉಣ್ಣುತ್ತಾನೆ. ನೀನು ತವರಿಗೆ ಹೋಗಿ ಇಪ್ಪತ್ತಮೂರು ದಿನವಾಯಿತು. "ಅವ್ಳು ಬತ್ತಾಳೋ ಇಲ್ವೋ, ನೀನೇ ಹೇಳವ್ವ" ಅನ್ನುತ್ತಾನೆ.

ಅಂದು ರೇಷ್ಮೆ ಹುಳುಗಳಿಗೆ ಪೊರೆ ಬಿಡುವ ನಾಲ್ಕನೇ ಜ್ವರ. ತಲೆ ಎತ್ತಿ ನಿಂತಿದ್ದವುಗಳಲ್ಲಿ ಅರ್ಧ ಮಾತ್ರ ಪೊರೆ ಕಳಚಿ ಎದ್ದಿದ್ದವು. ಹಸಿದಿರುತ್ತವೆ ಪಾಪ ಎಂದು ನಾನು ಸೊಪ್ಪು ಹಾಕಹೋದೆ. "ಬ್ಯಾಡಿ ಅತ್ತೆ, ಎಲ್ಲಾ ಏಳ್ಲಿ ತಡೀರಿ, ಪುಸ್ತಕದಾಗೆ ಐತೆ" ಎಂದು ನೀನು ಕೈ ಹಿಡಿದೆ. ಪಕ್ಕದ ಮನೆ ಹನುಮಂತಮ್ಮ ಬಾಗಿಲಲ್ಲೇ ನಿಂತಿದ್ದಳು. "ಹದಿನೆಂಟು ವರ್ಷದಿಂದ ಊರ ಲೈಬ್ರರಿ ಪುಸ್ತಕ ಕಾಯ್ತಿರೋಳು ನಾನು, ನಿನ್ನೆ ಬಂದೋಳು ನಂಗೇ ಓದಿ ಹೇಳಕ್ಕೆ ಬತ್ತೀಯಾ?" ಎಂದು ಸೊಪ್ಪು ಹಾಕಿಯೇಬಿಟ್ಟೆ. ನಿನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು ಗ್ರಂಥಾಲಯದ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನೀನು ಬಸ್ಸು ಹತ್ತಿದೆ.

ಯಾರಿಗೂ ಹೇಳದ್ದನ್ನು ಹೇಳುತ್ತೇನೆ. ಆ ರೇಷ್ಮೆ ಸಾಕಣೆ ಪುಸ್ತಕವನ್ನು ನಾನು ಓದಿಯೇ ಇರಲಿಲ್ಲ. ಹುಳು ಸಾಕುವುದನ್ನು ನನಗೆ ಹೇಳಿಕೊಡುವವರು ಯಾರು ಎಂಬ ಗರ್ವ. ಎಸ್ಸೆಸ್ಸೆಲ್ಸಿಗೇ ಓದು ನಿಂತವಳಿಗೆ ದೂರದ ಸಂಗತಿಗಳ ಪುಸ್ತಕವೇ ಇಷ್ಟ. ನೀಲಿ ರಟ್ಟಿನ ನಕ್ಷತ್ರಗಳ ಪುಸ್ತಕವನ್ನು ಎಂಟು ಸಲ ಓದಿದ್ದೇನೆ. ಈಗ ನಮ್ಮ ಕಣ್ಣಿಗೆ ಬೀಳುವ ಬೆಳಕು ಎಷ್ಟೋ ತಲೆಮಾರುಗಳ ಹಿಂದೆ ಅಲ್ಲಿಂದ ಹೊರಟದ್ದಂತೆ! ಇನ್ನೊಂದು, ತಿಮಿಂಗಿಲದ ಪುಸ್ತಕ. ಅದರ ಗುಂಡಿಗೆಯೇ ನಮ್ಮ ಕರುವಿಗಿಂತ ತೂಕವಂತೆ. ಸಮುದ್ರವನ್ನೇ ಕಾಣದ ನಾನು ಆ ಪುಟ ತಿರುಗಿಸುವಾಗ ಬೆರಳು ಒದ್ದೆಯಾಯಿತೇನೋ ಎಂದು ನೋಡಿಕೊಳ್ಳುತ್ತೇನೆ. ಕಾರ್ಖಾನೆಯ ಬಟ್ಟೆಯಲ್ಲೇ ಗ್ರಂಥಾಲಯಕ್ಕೆ ಬರುವ ಮುತ್ತುರಾಜು "ಅವ್ವಾರೇ, ಆ ಮೀನಿನ ಪುಸ್ತಕ ಇನ್ನೂ ನಿಮ್ ತಾವೇ ಐತಾ?" ಎಂದು ಕಾಡುತ್ತಾನೆ. ಅದು ಮೀನಲ್ಲ ಕಣಪ್ಪಾ ಎಂದು ಗದರಿ ಕಳಿಸುತ್ತೇನೆ.

ನೀನು ಹೋದ ಮೇಲೆ ಬೆಳೆ ಏರುಪೇರಾಯಿತು. ಕೆಲವು ಹುಳು ಗೂಡು ಕಟ್ಟಿ ಮುಗಿಸಿದರೂ ಕೆಲವು ಇನ್ನೂ ಸೊಪ್ಪು ಕೇಳುತ್ತಿದ್ದವು. ರಾಮನಗರದ ಮಾರುಕಟ್ಟೆಯಲ್ಲಿ ನಮ್ಮ ಗೂಡು ಮುಟ್ಟಿದವರೆಲ್ಲ ಮುಖ ತಿರುಗಿಸಿದರು. ವಾಪಸು ಬಂದವಳೇ ಬೀರು ತೆಗೆದು ಆ ಪುಸ್ತಕ ಹಿಡಿದು ಕೂತೆ. ನೀನು ಹೇಳಿದ ಮಾತು ನಲವತ್ತೊಂದನೇ ಪುಟದಲ್ಲಿತ್ತು. ಅಲ್ಲಿಗೆ ನಿಲ್ಲಿಸಲಾಗಲಿಲ್ಲ, ಮುಂದೆ ಓದಿದೆ. ಒಂದೇ ಒಂದು ಹುಳು ಬಿಡುವ ಎಳೆ, ತುಂಡಾಗದೆ, ಹತ್ತಿರ ಹತ್ತಿರ ಒಂದು ಕಿಲೋಮೀಟರು! ನಮ್ಮ ಮನೆಯಿಂದ ಕಾರ್ಖಾನೆಯ ಗೇಟಿನವರೆಗೆ! ಮೂವತ್ತು ವರ್ಷ ಅವುಗಳ ತಟ್ಟೆ ಬಳಿದವಳಿಗೆ ಇದು ಗೊತ್ತಿರಲಿಲ್ಲ ಲತಾ. ಒಂದು ಗೂಡನ್ನು ಅಂಗೈ ಮೇಲಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದೆ, ಉಸಿರು ಬಿಟ್ಟರೆ ಹಾರಿಹೋದೀತು ಅನ್ನಿಸಿತು. "ಸೊಸೇನ ಓಡ್ಸ್‌ಬುಟ್ಟು ಗೂಡಿನ್ ಜೊತೆ ಮಾತಾಡ್ತಿದ್ದೀಯೇನಕ್ಕಾ?" ಎಂದಳು ಹನುಮಂತಮ್ಮ. ನಾನು ಪೆನ್ನು ಹುಡುಕಿ ಈ ಕಾಗದ ಬರೆಯಲು ಕೂತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬೀಗರಿಗೂ ಬೀಗಿತ್ತಿಗೂ ನನ್ನ ನಮಸ್ಕಾರ ಹೇಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತೆ,
ಚಿಕ್ಕಲಕ್ಷ್ಮಮ್ಮ

ಮರೆತಿದ್ದೆ: ಸೋಮವಾರ ಗ್ರಂಥಾಲಯಕ್ಕೆ ರಜೆ. ಮುನಿದು ಹೋದ ಸೊಸೆಯ ತವರಿನ ಬಾಗಿಲಿಗೆ ನಮ್ಮಲ್ಲಿ ಅತ್ತೆ ಹೋಗುವ ಪದ್ಧತಿಯಿಲ್ಲ, ಗಂಡನನ್ನು ಕಳಿಸುತ್ತಾರೆ. ದೇವರಾಜುವನ್ನು ನಾನು ಕಳಿಸುವುದಿಲ್ಲ, ತಪ್ಪು ಅವನದಲ್ಲ. ನಾನೇ ಅಂದು ಮೊದಲ ಬಸ್ಸಿಗೆ ಬರುತ್ತೇನೆ. ಹನುಮಂತಮ್ಮನನ್ನೂ ಕರೆತರುತ್ತೇನೆ. ಬಸ್ಸಿನಲ್ಲಿ ಅವಳಿಗೆ ವಾಂತಿ, ಕೈಗೊಂದು ನಿಂಬೆಹಣ್ಣು ಕೊಟ್ಟಾದರೂ ಕೂರಿಸಿಕೊಂಡು ಬರುತ್ತೇನೆ. ಅವಳ ಎದುರು ನಿನ್ನನ್ನು ಅಂದವಳು, ಅವಳ ಎದುರೇ ತಪ್ಪಾಯಿತು ಎನ್ನಬೇಕು. ಆಮೇಲೆ ನನ್ನ ಜೊತೆ ಹೊರಡುವುದೂ ಬಿಡುವುದೂ ನಿನ್ನಿಷ್ಟ.