ಬಾತಿ ಗುಡ್ಡದ ಆಚೆಯ ಪೆಂಡಾಲ್

ಅಪ್ಪಾಜಿ,

ನಿಮ್ಮ ಮಗಳು ಗಿರಿಜಾ ಬರೆಯುತ್ತಿದ್ದೇನೆ. ಗೋದಾಮಿನಲ್ಲಿ, ಮಡಚಿಟ್ಟ ಜಮಖಾನಗಳ ಮೇಲೆ ಕೂತು. "ಎದ್ದೇಳು, ಜಮಖಾನಕ್ಕೆ ಗುಂಡಿ ಬೀಳುತ್ತೆ" ಎಂದು ಬೈಯುವವರು ಈಗ ಇಲ್ಲ, ಅದಕ್ಕೇ ಧೈರ್ಯವಾಗಿ ಕೂತಿದ್ದೇನೆ. ನೀವು ಹೋದಮೇಲೆ ದಿನಾ ಹರಿಹರದಿಂದ ಬಸ್ಸಿಗೆ ಬಂದು ಅಂಗಡಿ ತೆಗೆಯುವವಳು ನಾನೇ. ಒಬ್ಬಳೇ ಮಗಳು, ಇನ್ಯಾರು ತೆಗೆಯಬೇಕು? ನಿಮಗೆ ಗೊತ್ತಿಲ್ಲದ್ದು ಇನ್ನೊಂದಿದೆ. ನಾನು ಲಾ ಕಾಲೇಜು ಸೇರಿದೆ. ಪೆಂಡಾಲಿನ ಬಾಡಿಗೆ ಬಾಕಿ ಇಟ್ಟವರಿಗೆ ನೋಟಿಸು ಕಳಿಸಲು ವಕೀಲರು ಕೇಳಿದ ಫೀಸು ನೋಡಿ, ಇಷ್ಟು ಕೊಡುವ ಬದಲು ನಾನೇ ವಕೀಲಳಾದರೆ ಅಗ್ಗ ಬೀಳುತ್ತದಲ್ಲ ಎಂದು ಲೆಕ್ಕ ಹಾಕಿ ಸೇರಿದ್ದು. ನಗಬೇಡಿ. ಲೆಕ್ಕ ಕಲಿಸಿದವರು ನೀವೇ.

ನನ್ನ ಮದುವೆಯ ಹಿಂದಿನ ದಿನ ನೆನಪಿದೆಯಾ? ದಾವಣಗೆರೆಯ ಪೆಂಡಾಲಿನವರ ಮಗಳು, ಹರಿಹರದ ಪೆಂಡಾಲಿನವರ ಮಗ. ಮದುವೆಗೆ ಯಾರ ಪೆಂಡಾಲ್ ಎಂದು ಜಗಳ ಹತ್ತಿ, ಕೊನೆಗೆ ಅರ್ಧ ನಿಮ್ಮ ಕೆಂಪು ಬಟ್ಟೆ, ಅರ್ಧ ಅವರ ಹಳದಿ ಬಟ್ಟೆ ಕಟ್ಟಿದಿರಿ. ನಾನೂ ನಿಮ್ಮ ಅಳಿಯನೂ ಸರಿಯಾಗಿ ಹೊಲಿಗೆಯ ಕೆಳಗೆ ಕೂತಿದ್ದೆವು. ಆ ಹಿಂದಿನ ದಿನ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ನೀವು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಬೀಗರೇ, ಎರಡೂರ ನಡುವಿನ ಬಾತಿ ಗುಡ್ಡದಿಂದ ಈಚೆ ನಮ್ಮದು, ಆಚೆ ನಿಮ್ಮದು. ಹೆಣ್ಣು ಕೊಟ್ಟು ತಗೊಂಡೋರು ಗಿರಾಕಿಗೋಸ್ಕರ ಕಿತ್ತಾಡಬಾರ್ದು." ಮಾವನವರು, "ಆತ್ರಿ ಬೀಗರೇ, ಇನ್ನೇನೈತೆ ಮಾತು" ಎಂದು ಅಡಿಕೆ ಬಾಯಿಗೆ ಹಾಕಿಕೊಂಡರು. ಎಂಥ ದೊಡ್ಡ ಮನಸ್ಸು ಇಬ್ಬರದೂ ಎಂದು ನಾನು ಹೆಮ್ಮೆಪಟ್ಟಿದ್ದೆ. ಆ ಹೆಮ್ಮೆಯೇ ಮುಂದೆ ತರಗತಿಯಲ್ಲಿ ನನ್ನ ಮಾನ ಕಳೆಯಿತು.

ಯುರೋಪಿನ ಸ್ಪರ್ಧಾ ಕಾನೂನು ಎಂಬ ಪಾಠ ಶುರುವಾದ ದಿನ ಅದು. ಧಾರವಾಡದ ಕಡೆಯ ಚಿಕ್ಕ ವಯಸ್ಸಿನ ಮೇಷ್ಟ್ರು. ಅಲ್ಲಿಯ ದೇಶಗಳು ಗಡಿಗಳನ್ನೆಲ್ಲ ಸಡಿಲಿಸಿ ಒಂದೇ ಸಂತೆ ಮಾಡಿಕೊಂಡಿವೆಯಂತೆ. ಹಾಗಿರುವಾಗ ವ್ಯಾಪಾರಿಗಳು ತಮ್ಮ ತಮ್ಮಲ್ಲೇ ಹೊಸ ಗಡಿ ಹಾಕಿಕೊಂಡರೆ ಅವರಿಗೆ ಬರುವ ಸಿಟ್ಟು ಅಷ್ಟಿಷ್ಟಲ್ಲವಂತೆ. ಅಷ್ಟು ಹೇಳುವ ಮೊದಲೇ ಮೇಷ್ಟ್ರು ಒಂದು ಪ್ರಶ್ನೆ ಕೇಳಿದ್ದರು. ಪೈಪೋಟಿ ಇಲ್ಲದೆ ವ್ಯಾಪಾರ ನಡೆಯುವುದಕ್ಕೆ ನಿಮ್ಮ ಊರಿನ ಉದಾಹರಣೆ ಕೊಡಿ ಎಂದು. ನಾನು ಸುಮ್ಮನಿರಬೇಕಿತ್ತು. ಎದ್ದು ನಿಂತು ಬಾತಿ ಗುಡ್ಡದ ಕಥೆಯನ್ನು ಕೆಂಪು ಬಟ್ಟೆ, ಹಳದಿ ಬಟ್ಟೆ ಸಮೇತ ಹೇಳಿದೆ. ಕೂರುವಾಗ ಚಪ್ಪಾಳೆ ಬರಬಹುದೆಂದು ಕಾದೆ.

"ಅಂದ್ರ ಅಕ್ಕಾರ, ನಿಮ್ಮ ಮದವೀನ ಒಂದು ಕಾರ್ಟೆಲ್ ಅಂತೀರೇನು?" ಎಂದರು ಮೇಷ್ಟ್ರು.

ಪೈಪೋಟಿ ಮಾಡಬೇಕಾದವರು ಒಳಗೊಳಗೇ ಕೈಜೋಡಿಸಿ ಗಿರಾಕಿಗಳನ್ನು ಹಂಚಿಕೊಂಡರೆ ಅದಕ್ಕೆ ಕಾರ್ಟೆಲ್ ಎನ್ನುತ್ತಾರೆ, ಅಪ್ಪಾಜಿ. ಅದನ್ನು ನಮ್ಮ ದೇಶದ ಕಾಯ್ದೆಯೂ ಒಪ್ಪುವುದಿಲ್ಲ. "ಬರಹದಾಗೇನೂ ಇಲ್ರಿ ಸರ್, ಬರೀ ಎಲೆ ಅಡಿಕೆ" ಎಂದೆ. "ಬರಹ ಬೇಕಾಗಿಲ್ರಿ. ಇಬ್ಬರ ಮನಸ್ಸು ಕೂಡಿದ್ರ ಸಾಕು." ಇಡೀ ತರಗತಿ ನಕ್ಕಿತು. ಮನಸ್ಸು ಕೂಡಿದರೆ ಮದುವೆ ಎಂದುಕೊಂಡಿದ್ದೆ, ಅಪರಾಧವೂ ಅದರಲ್ಲೇ ಆಗಿಹೋಗುತ್ತದೆ ಎಂದು ಯಾರಿಗೆ ಗೊತ್ತಿತ್ತು? ಮೇಷ್ಟ್ರು ನನ್ನ ಪ್ರಬಂಧದ ವಿಷಯ ಅಲ್ಲೇ ಗೊತ್ತು ಮಾಡಿದರು: ಯುರೋಪಿನ ನಿಯಮ ಏನು, ಅದರ ಹಿಂದಿನ ಅರ್ಥಶಾಸ್ತ್ರ ಏನು, ಬಾತಿ ಗುಡ್ಡಕ್ಕೆ ಹೋಲಿಸಿದರೆ ಏನು.

ಪ್ರಬಂಧವಷ್ಟೇ ಆಗಿದ್ದರೆ ಬರೆದು ಕೊಟ್ಟು ಮರೆಯುತ್ತಿದ್ದೆ. ಆದರೆ ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಮಾತು ಎದ್ದಿತ್ತು. ನಿಮ್ಮ ಅಂಗಡಿ ಸೊರಗಿದೆ, ಅಪ್ಪಾಜಿ. ದಾವಣಗೆರೆಯಲ್ಲಿ ಈಗ ಎಲ್ಲರಿಗೂ ಏಸಿ ಇರುವ ಕಲ್ಯಾಣಮಂಟಪವೇ ಬೇಕು. ಬೀದಿಯಲ್ಲಿ ಪೆಂಡಾಲ್ ಹಾಕುವುದು ಗಣಪತಿಗೆ, ಗೃಹಪ್ರವೇಶಕ್ಕೆ, ಇಲ್ಲ ಸಾವಿಗೆ. ಮಾವನವರು ಒಂದು ಸಂಜೆ ಚಹಾ ಕುಡಿಯುತ್ತಾ, "ಗಿರಿಜವ್ವ, ಆ ಅಂಗ್ಡಿ ನನಗೇ ಕೊಟ್ಬಿಡು. ಕಂಬ, ಬಟ್ಟೆ, ಲೈಟು ಎಲ್ಲಾ ಸೇರಿಸಿ ಒಂದು ರೇಟು ಹಾಕ್ತೀನಿ. ನೀನು ಆರಾಮಾಗಿ ಓದ್ಕ" ಎಂದರು. ಪ್ರೀತಿಯಿಂದಲೇ ಅಂದರು. ನಿಮ್ಮ ಅಳಿಯ ತಲೆಯಾಡಿಸಿದರು. ನಾನೂ ಆಗಲಿ ಅನ್ನುವುದರಲ್ಲಿದ್ದೆ. ನಿಮ್ಮ ಹೆಸರು ಬರೆದ ಬೋರ್ಡು ಇಳಿಸಿ ಎಲ್ಲಿಡುವುದು ಎಂದು ಜಾಗ ಕೂಡ ನೋಡಿಟ್ಟಿದ್ದೆ...

ಆ ವಾರವೇ ಬಸ್ಸಿನಲ್ಲಿ ಹರಿಹರದ ಒಬ್ಬ ಹೆಂಗಸು ಪಕ್ಕದಲ್ಲಿ ಕೂತಳು. ಮಗಳ ಮದುವೆಯ ಜವಳಿ ತರಲು ದಾವಣಗೆರೆಗೆ ಹೊರಟವಳು. ಪ್ರಬಂಧಕ್ಕೆ ಬೇಕಿತ್ತು, ಕೇಳಿದೆ. ಎರಡು ಊರೂ ಒಂದೇ ಮಾರುಕಟ್ಟೆಯೋ ಬೇರೆ ಬೇರೆಯೋ ಎಂದು ತಿಳಿಯಲು ಅರ್ಥಶಾಸ್ತ್ರದವರು ಒಂದು ಪರೀಕ್ಷೆ ಇಟ್ಟಿದ್ದಾರೆ. ಒಂದು ಕಡೆ ರೇಟು ಸ್ವಲ್ಪ ಏರಿಸಿದರೆ ಗಿರಾಕಿ ಇನ್ನೊಂದು ಕಡೆ ಹೋಗುತ್ತಾನೋ ಇಲ್ಲವೋ ನೋಡಬೇಕು. "ಸೀರೆಗೆ ದಾವಣಗೆರಿ, ಬಂಗಾರಕ್ಕೆ ದಾವಣಗೆರಿ, ದೋಸೆ ತಿನ್ನಾಕೂ ದಾವಣಗೆರಿ. ಪೆಂಡಾಲ್ ಮಾತ್ರ ಯಾಕ ಅಲ್ಲಿಂದ ತರಿಸಲ್ರಿ? ಹರಿಹರದಾಗ ರೇಟು ಜಾಸ್ತಿ ಅಂತಾರಲ್ಲ?" ಎಂದೆ. ಅವಳು ನನ್ನ ಮುಖ ನೋಡಿ, ಯಾರ ಮಗಳೆಂದು ಗುರುತು ಹಿಡಿದು, "ಕರದ್ರೆ ನೀವು ಬರಲ್ಲಲ್ರಿ. ನಿಮ್ಮಪ್ಪಾರನ್ನ ಕೇಳಿದ್ವಿ, ನಮ್ಮ ದೊಡ್ಡ ಮಗಳ ಮದ್ವೇಗೆ. ಬೀಗರಿಗೆ ಬೇಜಾರಾಗ್ತತೆ ಅಂದ್ರು. ನಿಮ್ಮ ಬೀಗತನಕ್ಕೆ ನಾವು ದುಡ್ಡು ಕಟ್ಟಿದ್ವಿ ನೋಡ್ರಿ" ಎಂದು ಕಿಟಕಿಯ ಕಡೆ ತಿರುಗಿದಳು. ನನ್ನ ಮದುವೆಗೆ ಉಡುಗೊರೆ ಕೊಟ್ಟವರ ಪಟ್ಟಿ ನಮ್ಮಲ್ಲಿದೆ. ಹೀಗೆ ದುಡ್ಡು ಕಟ್ಟಿದ ಹರಿಹರದ ಗಿರಾಕಿಗಳ ಹೆಸರು ಅದರಲ್ಲಿ ಇಲ್ಲವಲ್ಲ, ಅಪ್ಪಾಜಿ?

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಾವನವರಿಗೆ ಪಾಠ ಒಪ್ಪಿಸಿದೆ. ಅಂಗಡಿ ಕೊಡುವುದಿಲ್ಲ, ಕೊಟ್ಟರೆ ಎರಡೂ ಊರಿಗೆ ನೀವೊಬ್ಬರೇ ಆಗುತ್ತೀರಿ, ಅಂಥ ಖರೀದಿಯನ್ನು ಯುರೋಪಿನಲ್ಲಿ ಮೊದಲೇ ತಡೆದು ವಿಚಾರಿಸುತ್ತಾರೆ ಎಂದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಆ ಯುರೋಪಿನೋರಿಗೆ ಬೀಗರು ಅಂದ್ರೆ ಏನಂತ ಗೊತ್ತೈತಾ?"

"ಗೊತ್ತಿಲ್ರಿ ಮಾವ."

"ಮತ್ತೆ? ಗಾಳಿ ಬಂದು ನನ್ನ ಪೆಂಡಾಲೆಲ್ಲಾ ಹರಕೊಂಡು ಹೋದಾಗ ನಿಮ್ಮಪ್ಪ ಒಂದು ಲಾರಿ ಬಟ್ಟೆ ಕಳಿಸಿದ್ರು. ಅದೂ ತಪ್ಪಾ?"

"ಅದು ತಪ್ಪಲ್ರಿ. ಕೈ ಹಿಡಿಯೋದಕ್ಕೆ ಅಲ್ಲೂ ಬ್ಯಾಡ ಅನ್ನಲ್ಲ. ಗಿರಾಕಿಗೂ ಅದ್ರಿಂದ ಲಾಭ ಸಿಗಬೇಕು ಅಷ್ಟೆ. ಆದ್ರೆ ಕೈ ಹಿಡಿಯಾಕೆ ಗುಡ್ಡ ಹಂಚ್ಕಬೇಕು ಅಂತೇನಿಲ್ಲ."

ಮಾವನವರು ಯೋಚಿಸಿ ಇನ್ನೊಂದು ಪಟ್ಟು ಹಾಕಿದರು. "ನಾವಿಬ್ರೂ ಒಂದೇ ಮನಿ. ಒಂದೇ ಮನೆಯೋರು ತಮ್ಮ ಜೊತೆ ತಾವೇ ಹೆಂಗೆ ಒಳಸಂಚು ಮಾಡ್ತಾರೆ?" ನಿಜವಾಗಿ ಹೇಳಬೇಕೆಂದರೆ ಬೆರಗಾಯಿತು. ಯುರೋಪಿನ ಕೋರ್ಟಿನಲ್ಲಿ ದೊಡ್ಡ ದೊಡ್ಡ ಕಂಪನಿಗಳ ವಕೀಲರು ಹಾಕುವ ವಾದವೇ ಅದು. ನಾನೆಂದೆ, "ಒಂದೇ ಅನ್ನಿಸ್ಕಬೇಕಾದ್ರೆ ಒಬ್ರ ಅಂಗಡಿ ಇನ್ನೊಬ್ರ ಮಾತಿನ ಹಂಗೇ ನಡೀಬೇಕ್ರಿ. ಯಾರ ಮಾತು ಯಾರು ಕೇಳ್ತಾರೆ ಅಂತ ಬರದುಕೊಡ್ತೀರಾ?"

"ಸೊಸಿ ನನ್ನ ಮಾತು ಕೇಳ್ತಾಳೆ ಅಂತ ಬರಿ."

ನಿಮ್ಮ ಅಳಿಯನಿಗೆ ಕೆಮ್ಮು ಬಂತು. ಕೆಮ್ಮು ನಿಂತಮೇಲೂ ಯಾರೂ ಸಹಿ ಹಾಕಲಿಲ್ಲ. ಎರಡು ಉದ್ದಿಮೆ ಎಂದು ತೀರ್ಮಾನವಾಯಿತು, ಮಜ್ಜಿಗೆ ಮಾತ್ರ ಒಂದೇ ಗಡಿಗೆಯಿಂದ ಬಂತು.

ಮಾರನೆಯ ದಿನ ಬಸ್ಸಿನ ಆ ಹೆಂಗಸಿನ ಮನೆಗೆ ಹೋಗಿ ನಮ್ಮ ರೇಟು ಹೇಳಿ ಬಂದೆ. ಸಂಜೆಗೆ ಮಾವನವರಿಗೆ ಸುದ್ದಿ ಮುಟ್ಟಿತು. ಅವರೂ ಹೋಗಿ ಇಳಿಸಿದರು. ನಾನು ಸೀರಿಯಲ್ ಲೈಟು ಪುಕ್ಕಟೆ ಎಂದೆ. ಅವರು ಕುರ್ಚಿಗೆ ಬಿಳಿ ಗೌಸು ಎಂದರು. ಕೆಲಸ ನನಗೇ ಬಂತು. ಮಾವನವರು ಒಂದಷ್ಟು ದಿನ ನನ್ನೊಡನೆ ಮಾತು ಬಿಟ್ಟರು, ಚಹಾ ಬೇಕಾದರೆ ಗೋಡೆಗೆ ಹೇಳುತ್ತಿದ್ದರು. ಮನೆ ಮುರಿದೆನೇನೋ ಎಂದು ನನಗೂ ಅನ್ನಿಸಿತು. ನೀವು ಇದ್ದಿದ್ದರೆ ಯಾರ ಪಕ್ಷ ಹಿಡಿಯುತ್ತಿದ್ದಿರಿ? ಬೇಡ, ಹೇಳಬೇಡಿ. ಆದರೆ ಒಂದು ನೋಡಿದೆ. ವರ್ಷಗಟ್ಟಲೆ ಬಣ್ಣ ಮಾಸಿದ ಹಳದಿ ಬಟ್ಟೆಯನ್ನೇ ಕಟ್ಟುತ್ತಿದ್ದ ಮಾವನವರು, ಪೆಂಡಾಲಿನ ಅಂಚಿಗೆ ಕಟ್ಟುವ ಹೊಸ ಝಾಲರಿಯ ಮಾದರಿ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತಿದ್ದರು, ಮದುವೆಗೆ ಹೊರಟ ಹುಡುಗನ ಹಾಗೆ.

ಹೋದ ವಾರ ನಿಮ್ಮ ಪುಣ್ಯಸ್ಮರಣೆ. ಅವ್ವನಿಗೆ, "ಪೆಂಡಾಲ್ ನಾನೇ ಹಾಕಿಸ್ತೀನಿ" ಎಂದು ಫೋನು ಮಾಡಿದೆ. "ನಿನ್ನ ಪಾಠ ನಾನೂ ಕೇಳೀನಿ. ಬೀಗರನ್ನೂ ಒಂದು ಮಾತು ಕೇಳ್ತೀನಿ ತಡಿ" ಎಂದಳು. ಕೇಳಿದಳು. ಅವರ ರೇಟು ಕಡಿಮೆ ಬಂತು, ಅವರಿಗೇ ಕೊಟ್ಟಳು. ನಾನು ಮುಖ ದಪ್ಪ ಮಾಡಿದ್ದಕ್ಕೆ, "ಗಂಡನ ಸ್ಮರಣೆ ಅಂತ ಮಗಳಿಗೆ ಜಾಸ್ತಿ ಕೊಡಾಕಾಗ್ತತಾ? ಅವರೇ ಇದ್ದಿದ್ರೂ ಬೈತಿದ್ರು" ಎಂದಳು. ನಿಜ ತಾನೆ?

ಹಾಗೆ ಮಾವನವರ ಲಾರಿ ನನ್ನ ಮದುವೆಯಾದಮೇಲೆ ಮೊದಲ ಸಲ ಬಾತಿ ಗುಡ್ಡ ದಾಟಿ, ದಾವಣಗೆರೆಯ ನಮ್ಮ ಮನೆಯ ಮುಂದೆ ನಿಂತಿತು. ನಿಮ್ಮ ಫೋಟೋಗೆ ಹಾರ ಹಾಕುತ್ತಾ ತಲೆಯೆತ್ತಿ ನೋಡಿದೆ. ಹಳದಿಯ ನಡುವೆ ಒಂದೆರಡು ಕೆಂಪು ಬಟ್ಟೆ. ಮೂಲೆಯಲ್ಲಿ ನೀಲಿ ದಾರದ ಹೊಲಿಗೆ, ನೀವು ಪ್ರತಿ ಬಟ್ಟೆಗೂ ಹಾಕುತ್ತಿದ್ದ ಗುರುತು. ಗಾಳಿ ಬಂದಾಗ ನೀವು ಕಳಿಸಿದ ಲಾರಿಯ ಬಟ್ಟೆ! ನಿಮ್ಮ ಸ್ಮರಣೆಗೆ ನಿಮ್ಮದೇ ಬಟ್ಟೆಯನ್ನು ನಾವು ಬಾಡಿಗೆಗೆ ತಂದಿದ್ದೆವು.

"ಮಾವ, ಇದು ನಮ್ಮದಲ್ವಾ? ವಾಪಸ್ ಕಳಿಸ್ಲೇ ಇಲ್ಲ?" ಎಂದೆ.

ಮಾವನವರು ಮೇಲೆ ನೋಡಿದರು, ನಿಮ್ಮ ಫೋಟೋ ನೋಡಿದರು. "ಹೆಂಗೆ ಕಳಿಸ್ಲವ್ವಾ? ನಮ್ಮ ಲಾರಿ ಬಾತಿ ಗುಡ್ಡ ದಾಟಬಾರ್ದು ಅಂತ ಮಾತಾಗಿತ್ತಲ್ಲ."

ಅಷ್ಟು ದಿನದ ಮೇಲೆ ನನಗೇ ಹೇಳಿದ ಮೊದಲ ಮಾತು ಅದು. ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಬಂದವರು ಅಳುತ್ತಿದ್ದಾಳೆಂದುಕೊಂಡು ಸಮಾಧಾನ ಮಾಡಿದರು.

ಕಳಚುವಾಗ ಕೆಂಪು ಬಟ್ಟೆಗಳನ್ನು ಮಾವನವರೇ ಮಡಚಿ ನಮ್ಮ ಗೋದಾಮಿಗೆ ತಂದು ಇಟ್ಟುಹೋದರು. ಈಗ ಕೂತಿರುವುದು ಅವುಗಳ ಪಕ್ಕದಲ್ಲೇ. ಅಂಗಡಿ ಮಾರುವುದಿಲ್ಲ, ಅಪ್ಪಾಜಿ. ಬೋರ್ಡು ಇಳಿಸಲಿಲ್ಲ, ಕೆಳಗೆ ಒಂದು ಸಾಲು ಹೆಚ್ಚಿಗೆ ಬರೆಸಿದ್ದೇನೆ: ಹರಿಹರಕ್ಕೂ ಬರುತ್ತೇವೆ. ಬರೆಯುವವನಿಗೆ ಅಕ್ಷರ ದಪ್ಪಗಿರಲಿ ಎಂದು ಹೇಳಿದ್ದು ನಾನಲ್ಲ, ಮಾವನವರು. ತಮ್ಮ ಬೋರ್ಡಿನ ಅಕ್ಷರಕ್ಕಿಂತ ಒಂದು ಬೆರಳು ಕಡಿಮೆ ಇರಬೇಕು ಎಂದೂ ಸೇರಿಸಿದರು.

ನಿಮ್ಮ
ಗಿರಿಜಾ