ಅಂಟುವಾಳದ ನೀರು

ಅಪ್ಪ,

ನೀವು ಸಂಗ್ರಹಿಸಿಟ್ಟ ಹಳೆಯ ಚಿನ್ನದ ನಾಣ್ಯಗಳು ಈಗ ಫಳಫಳ ಹೊಳೆಯುತ್ತಿವೆ. ನೀವಿದ್ದಿದ್ದರೆ ಮನೆಯಲ್ಲಿ ಯಾರನ್ನೂ ಉಳಿಸುತ್ತಿರಲಿಲ್ಲ.

ಇವತ್ತು ಹನ್ನೊಂದನ್ನೂ ಕೊಡಿಯಾಲ್‌ಬೈಲಿನ ನಾಣ್ಯ ವ್ಯಾಪಾರಿಗೆ ತೋರಿಸಿದೆ. ಅಮ್ಮನೂ ಬಂದಿದ್ದಳು. ವ್ಯಾಪಾರಿ ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿ ತಲೆಯೆತ್ತಿದರು. "ಇದನ್ನು ಯಾರು ತೊಳೆದದ್ದು ಮಾರಾಯ್ರೆ?"

"ನಾನೇ," ಎಂದಳು ಅಮ್ಮ ಹೆಮ್ಮೆಯಿಂದ. "ಇವಳ ಅಪ್ಪನ ವರ್ಷಾಂತಿಕಕ್ಕೆ ಮೊದಲು. ಅಂಟುವಾಳದ ನೀರಲ್ಲಿ ನೆನೆಸಿ ಬ್ರಷ್ಷಲ್ಲಿ ಉಜ್ಜಿದ್ದು. ನನ್ನ ಬಳೆಯನ್ನೂ ಹಾಗೇ ತೊಳೆಯುವುದು."

"ಮೈಯೆಲ್ಲ ಗೀರು ಉಂಟಮ್ಮಾ. ಸಂಗ್ರಹ ಮಾಡುವವರು ಯಾರೂ ಇನ್ನು ಇದನ್ನು ತೆಗೊಳ್ಳುವುದಿಲ್ಲ. ಇನ್ನು ಕರಗಿಸುವ ಚಿನ್ನದ ಬೆಲೆ, ಅಷ್ಟೇ."

ನಲವತ್ತು ವರ್ಷ ನೀವು ಅವಳಿಗೆ ಹೇಳಿದ್ದು ಒಂದೇ ಮಾತು: ಮುಟ್ಟಬೇಡ. ಯಾಕೆಂದು ಹೇಳಲಿಲ್ಲ. ಹೇಳಿದರೆ ಅವಳಿಗೆಲ್ಲಿ ಅರ್ಥವಾದೀತು ಎಂದು ನಿಮ್ಮ ಲೆಕ್ಕ. ನೀವು ಹೋದ ಮೇಲೆ ಕಪಾಟಿನ ಕೀ ಅವಳ ಕೈಗೆ ಬಂತು. ಮೊದಲ ಸಲ ಮುಟ್ಟಿದಳು, ತನಗೆ ತಿಳಿದ ಹಾಗೆ ಜೋಪಾನ ಮಾಡಿದಳು.

ಗ್ಲೌಸು ಹಾಕಿ ಅಂಚನ್ನಷ್ಟೇ ಹಿಡಿಯಬೇಕು, ನೀರು ತಾಗಿಸಬಾರದು ಎಂದು ನನಗೊಬ್ಬಳಿಗೇ ಕಲಿಸಿದ್ದಿರಿ. ಅದು ನನಗೆ ಮಾತ್ರ ಗೊತ್ತೆಂದು ನಾನೂ ಎಷ್ಟು ಬೀಗಿದ್ದೆ!

ಹಿಂದಿರುಗುವಾಗ ರಿಕ್ಷಾದಲ್ಲಿ ಅಮ್ಮ ನಾಣ್ಯದ ಡಬ್ಬಿಯನ್ನು ಮಡಿಲಲ್ಲಿಟ್ಟು ಕುಳಿತಿದ್ದಳು. ಜ್ಯೋತಿ ಸರ್ಕಲ್ ದಾಟಿದ ಮೇಲೆ ಮೆಲ್ಲನೆ ಕೇಳಿದಳು.

"ತೊಳೆಯಬಾರದು ಅಂತ ನಿನಗೆ ಗೊತ್ತಿತ್ತಾ ನಿರೀಕ್ಷಾ?"

ನಾನು ನಿಮ್ಮ ಹಾಗೆಯೇ ಮುಖ ತಿರುಗಿಸಿ ರಸ್ತೆ ನೋಡಿದೆ.

ಅವಳು ಡಬ್ಬಿಯನ್ನು ನನ್ನ ಮಡಿಲಿಗೆ ಸರಿಸಿದಳು. "ನೀನೇ ಇಟ್ಟುಕೋ. ನಾನಿನ್ನು ಮುಟ್ಟುವುದಿಲ್ಲ."